ಯಕೃತ್ತಿನ ಹೆಸರಿನಲ್ಲಿ ಕಳೆದ ಐದು ತಿಂಗಳು: ದೂರದ ಓಟಗಾರನೊಬ್ಬನ ಅನುಭವ

80 ಕಿಲೋಮೀಟರ್ ಓಟ ಮುಗಿಸಿದ ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ರಕ್ತದ ಮಾದರಿ ತೆಗೆದುಕೊಳ್ಳುವವರು ಮನೆ ಬಾಗಿಲಿಗೆ ಬಂದರು. ನಾನು ಜೀವವಿಮೆಗೆ ಅರ್ಜಿ ಹಾಕಿದ್ದೆ. ತಪಾಸಣೆಯ ದಿನವನ್ನು ಒಂದು ತಿಂಗಳ ಹಿಂದೆಯೇ ಗೊತ್ತುಮಾಡಿದ್ದರೂ ಓಟದ ತಯಾರಿಯ ಗಡಿಬಿಡಿಯಲ್ಲಿ ಅದನ್ನು ಪೂರ್ತಿಯಾಗಿ ಮರೆತಿದ್ದೆ. ತೊಡೆಗಳು ಇನ್ನೂ ಎಷ್ಟು ನೋಯುತ್ತಿದ್ದವೆಂದರೆ ಬಾಗಿಲು ತೆರೆಯಲು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕಾಯಿತು. ದಿನ ಬದಲಿಸಿಕೊಳ್ಳಬಹುದಿತ್ತು, ಆದರೆ ಆ ಯೋಚನೆಯೇ ಹೊಳೆಯಲಿಲ್ಲ. ಕೈ ಚಾಚಿದೆ, ಮೂರು ಸಣ್ಣ ಕೊಳವೆಗಳಲ್ಲಿ ರಕ್ತ ಕೊಟ್ಟೆ. ಮುಂದಿನ ಐದು ತಿಂಗಳ ಗೊಂದಲಕ್ಕೆಲ್ಲ ಆ ಹತ್ತು ನಿಮಿಷಗಳೇ ಮೊದಲು. ಅದೇ ಹತ್ತು ನಿಮಿಷಗಳಿಂದಾಗಿಯೇ ನನ್ನೊಳಗೆ ನಿಜವಾಗಿ ಇದ್ದ ತೊಂದರೆಯೊಂದು ಬೆಳಕಿಗೆ ಬಂದಿತೆಂಬುದನ್ನೂ ಹೇಳಬೇಕು. ಇದೇ ದಾರಿಯಲ್ಲಿ ಬರುವವರಿಗೆ ಅಷ್ಟಾದರೂ ಗೊಂದಲ ತಪ್ಪಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಆ ಓಟದ ಬಗ್ಗೆ ಹೇಳಬೇಕು, ಏಕೆಂದರೆ ಮುಂದಿನ ಮೂರು ವಾರ ಯಾವ ವೈದ್ಯರಿಗೂ ನಾನು ಅದನ್ನು ಪೂರ್ತಿಯಾಗಿ ಹೇಳಲಿಲ್ಲ. ನನಗೆ 43 ವರ್ಷ. ಒಂಬತ್ತು ವರ್ಷಗಳಿಂದ ಓಡುತ್ತಿದ್ದೇನೆ. ಮ್ಯಾರಥಾನ್‌ನ 42.195 ಕಿಲೋಮೀಟರ್ ದೂರವನ್ನು ಹಲವು ಬಾರಿ ಮುಗಿಸಿದ್ದೇನೆ, 80 ಕಿಲೋಮೀಟರ್ ಮಾತ್ರ ಅದೇ ಮೊದಲು. ಮೊಣಕಾಲಿನ ಹಳೆಯ ನೋವಿಗೆಂದು ಓಟಕ್ಕೆ ಮುಂಚೆ 400 ಮಿಲಿಗ್ರಾಂ ಐಬುಪ್ರೊಫೇನ್ ಮಾತ್ರೆಯೊಂದನ್ನು ನುಂಗಿದೆ, 40ನೆಯ ಕಿಲೋಮೀಟರಿನಲ್ಲಿ ಇನ್ನೊಂದನ್ನು, 60ರಲ್ಲಿ ಮತ್ತೊಂದನ್ನು. ತಯಾರಿಯ ತಿಂಗಳುಗಳಲ್ಲೂ ಪ್ರತಿ ದೀರ್ಘ ಓಟದ ದಿನ ಒಂದು ಮಾತ್ರೆ ನುಂಗುವುದು ರೂಢಿಯಾಗಿಬಿಟ್ಟಿತ್ತು. ಬಿಸಿಲು ಏರಿದಂತೆ ಹೊಟ್ಟೆ ತೊಳಸತೊಡಗಿತು. ಓಟಗಾರರು ಶಕ್ತಿಗಾಗಿ ತಿನ್ನುವ ಸಿಹಿ ಜೆಲ್‌ಗಳನ್ನೂ ಗಾಢವಾಗಿ ಬೆರೆಸಿದ ಗ್ಲೂಕೋಸ್ ಪಾನೀಯವನ್ನೂ ಒಟ್ಟಿಗೆ ಸೇವಿಸುತ್ತಿದ್ದೆ, ಬರಿಯ ನೀರು ಕುಡಿದದ್ದು ಕಡಿಮೆ. 52ನೆಯ ಕಿಲೋಮೀಟರಿನಲ್ಲಿ ರಸ್ತೆಯ ಬದಿಗೆ ಕುಳಿತು ಎರಡು ಸಲ ವಾಂತಿ ಮಾಡಿದೆ. ಆಮೇಲೆ ಹೊಟ್ಟೆಯ ಕೆಳಭಾಗದಲ್ಲಿ ಹಿಂಡಿದಂತಹ ನೋವು ಶುರುವಾಗಿ ಕೊನೆಯವರೆಗೂ ಬಿಡಲಿಲ್ಲ. 11 ಗಂಟೆ 20 ನಿಮಿಷಗಳಲ್ಲಿ ಗುರಿ ಮುಟ್ಟಿದೆ. ಪದಕ ಕೊರಳಲ್ಲಿರುವಾಗಲೇ ಶೌಚಾಲಯಕ್ಕೆ ಓಡಬೇಕಾಯಿತು, ಅಲ್ಲಿ ಮಲದ ಜೊತೆ ರಕ್ತ ಹೋಯಿತು. ರಾತ್ರಿ ಮತ್ತೊಮ್ಮೆ ಹಾಗೆಯೇ ಆಯಿತು. ಮರುದಿನದಿಂದ ನಿಂತಿತು. ಮೂಲವ್ಯಾಧಿ ಇರಬಹುದು, ಇಲ್ಲವೇ ಇಷ್ಟು ದೂರ ಓಡಿದರೆ ಹೀಗೆಲ್ಲ ಆಗುವುದೇ ಇರಬಹುದು ಎಂದುಕೊಂಡು ಯಾರಿಗೂ ಹೇಳಲಿಲ್ಲ.

ರಕ್ತ ಕೊಟ್ಟ ಎರಡು ದಿನಗಳ ನಂತರ ವರದಿ ಬಂತು. ಮೊದಲ ಪುಟದಲ್ಲಿ ಎರಡು ಸಾಲುಗಳು ಕೆಂಪಕ್ಷರದಲ್ಲಿದ್ದವು: ಎಎಸ್‌ಟಿ 412, ಎಎಲ್‌ಟಿ 138. ಇವೆರಡೂ ಜೀವಕೋಶಗಳ ಒಳಗಿರುವ ಕಿಣ್ವಗಳು, ಎರಡಕ್ಕೂ ಸಹಜ ಮಿತಿ 40 ಎಂದು ಪಕ್ಕದಲ್ಲಿ ಮುದ್ರಿಸಿತ್ತು. ಹಳೆಯ ವರದಿಗಳಲ್ಲಿ ಇವನ್ನೇ ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಬರೆಯುತ್ತಿದ್ದರು. ಶೀರ್ಷಿಕೆಯಲ್ಲಿ ‘ಲಿವರ್ ಫಂಕ್ಷನ್ ಟೆಸ್ಟ್’ ಎಂದಿರುವಾಗ ಯಾರಾದರೂ ಬೇರೆ ಏನು ತಾನೇ ಯೋಚಿಸಿಯಾರು? ನನ್ನ ಕೈಕಾಲು ತಣ್ಣಗಾದವು. ಹತ್ತು ಪಟ್ಟು ಹೆಚ್ಚು ಎಂದರೆ ಯಕೃತ್ತು ಹಾಳಾಗಿದೆ ಎಂದೇ ಅರ್ಥಮಾಡಿಕೊಂಡೆ. ವರದಿಯ ಎರಡನೆಯ ಪುಟದಲ್ಲಿ ಯಕೃತ್ತಿನ ಇನ್ನೊಂದು ಕಿಣ್ವವಾದ ಜಿಜಿಟಿ 22, ಆಲ್ಕಲೈನ್ ಫಾಸ್ಫಟೇಸ್ 74, ಬಿಲಿರುಬಿನ್ 0.9, ಅಲ್ಬುಮಿನ್ 4.4 ಎಂದು ಕಪ್ಪಕ್ಷರದ ನಾಲ್ಕು ಸಾಲುಗಳು ಶಾಂತವಾಗಿ ಕುಳಿತಿದ್ದವು. ಆ ಸಾಲುಗಳನ್ನು ನಾನೂ ಓದಲಿಲ್ಲ, ಮುಂದಿನ ಮೂರು ವಾರ ಬೇರೆ ಯಾರೂ ಓದಿದಂತೆ ಕಾಣಲಿಲ್ಲ. ಕೆಂಪು ಬಣ್ಣವು ಕಣ್ಣನ್ನು ಎಷ್ಟು ಬಲವಾಗಿ ಹಿಡಿದಿಡುತ್ತದೆ ಎಂಬುದು ಈಗ ಆ ಹಾಳೆಯನ್ನು ತೆಗೆದು ನೋಡಿದಾಗಲೆಲ್ಲ ಅರಿವಾಗುತ್ತದೆ.

ಮೊದಲು ನೋಡಿದ ವೈದ್ಯರು ಒಳ್ಳೆಯವರು, ಸಮಾಧಾನದಿಂದ ಕೇಳಿದರು. ಮದ್ಯಪಾನ ಉಂಟೇ, ಮೂತ್ರ ಹಳದಿಯಾಗಿದೆಯೇ, ಕಣ್ಣು ಹಳದಿಯಾಗಿತ್ತೇ, ಗಿಡಮೂಲಿಕೆ ಔಷಧ ಸೇವಿಸುತ್ತೀರಾ, ಹಿಂದೆ ರಕ್ತ ಹಾಕಿಸಿಕೊಂಡಿದ್ದುಂಟೇ ಎಂದೆಲ್ಲ ವಿಚಾರಿಸಿದರು. ನಾನು ಮದ್ಯ ಮುಟ್ಟುವವನಲ್ಲ. ಹಾಗೆಂದ ಮೇಲೂ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಮೂರು ಸಲ ಕೇಳಿದಾಗ ಮನಸ್ಸಿಗೆ ನೋವಾಯಿತು. ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದಾಗ ‘ಓಡುತ್ತೇನೆ’ ಎಂದಷ್ಟೇ ಹೇಳಿದೆ. ಒಳ್ಳೆಯ ಅಭ್ಯಾಸ ಎಂದು ಅವರು ಬರೆದುಕೊಂಡರು. ರಕ್ತ ಕೊಡುವ ಎರಡು ದಿನ ಮೊದಲು ಹನ್ನೊಂದು ಗಂಟೆಗೂ ಮೀರಿ ಓಡಿದ್ದೆನೆಂಬುದು ಅವರಿಗೆ ತಿಳಿಯುವುದಾದರೂ ಹೇಗೆ? ಅರ್ಜಿಗಳಲ್ಲಿ ಮದ್ಯಕ್ಕೂ ತಂಬಾಕಿಗೂ ಪ್ರತ್ಯೇಕ ಚೌಕಗಳಿರುತ್ತವೆ, ‘ಕಳೆದ ಏಳು ದಿನಗಳಲ್ಲಿ ಮಾಡಿದ ಕಠಿಣ ವ್ಯಾಯಾಮ’ ಎಂಬ ಚೌಕವನ್ನು ನಾನು ಈ ಐದು ತಿಂಗಳಲ್ಲಿ ತುಂಬಿದ ಯಾವ ಅರ್ಜಿಯಲ್ಲೂ ಕಾಣಲಿಲ್ಲ. ಹಾಗಾಗಿ ಅದನ್ನು ನಾವೇ ಬಾಯಿಬಿಟ್ಟು, ಕಿಲೋಮೀಟರ್ ಮತ್ತು ಗಂಟೆಗಳ ಲೆಕ್ಕದಲ್ಲಿ, ದಿನಾಂಕದ ಸಮೇತ ಹೇಳಬೇಕು. ‘ಓಡುತ್ತೇನೆ’ ಎಂಬ ಮಾತು ಕೇಳಿದವರ ಮನಸ್ಸಿನಲ್ಲಿ ಬೆಳಗಿನ ಅರ್ಧ ಗಂಟೆಯ ಓಟದ ಚಿತ್ರವನ್ನಷ್ಟೇ ಮೂಡಿಸುತ್ತದೆ.

ರಕ್ತದ ಮೂಲಕ ಹರಡಿ ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್, ಕಿಣ್ವಗಳ ಮರುಪರೀಕ್ಷೆ ಎಂದು ಬರೆದುಕೊಟ್ಟರು. ಹೆಪಟೈಟಿಸ್ ಫಲಿತಾಂಶಕ್ಕೆ ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ನನ್ನ ಕ್ಷೌರದ ಬ್ಲೇಡನ್ನೂ ಹಲ್ಲುಜ್ಜುವ ಬ್ರಶ್ಶನ್ನೂ ಮನೆಯವರ ವಸ್ತುಗಳಿಂದ ದೂರ, ಬೇರೊಂದು ಡಬ್ಬಿಯಲ್ಲಿ ಇಟ್ಟಿದ್ದೆ. ಯಾರಿಗೂ ಕಾರಣ ಹೇಳಲಿಲ್ಲ, ಆದರೆ ಹೆಂಡತಿ ಎರಡನೆಯ ದಿನವೇ ಗಮನಿಸಿದಳು. ಅವಳು ಏನನ್ನೂ ಕೇಳದೆ ಆ ಡಬ್ಬಿಯ ಮೇಲೆ ಸ್ವಚ್ಛವಾದ ಬಟ್ಟೆಯೊಂದನ್ನು ಮುಚ್ಚಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡೂ ಪರೀಕ್ಷೆಗಳಲ್ಲಿ ಸೋಂಕಿಲ್ಲವೆಂದು ಬಂತು. ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತು, ಪಿತ್ತಕೋಶ, ಗುಲ್ಮ ಎಲ್ಲವೂ ಸಹಜವೆಂದಿತ್ತು.

ಮರುಪರೀಕ್ಷೆಯಲ್ಲಿ ಮಾತ್ರ ಹೊಸ ತೊಡಕು ಎದುರಾಯಿತು. ಓಟದ ಎಂಟನೆಯ ದಿನ ಎಎಸ್‌ಟಿ 96ಕ್ಕೆ ಇಳಿದಿತ್ತು, ಎಎಲ್‌ಟಿ ಮಾತ್ರ 112ರಲ್ಲೇ ನಿಂತಿತ್ತು. ಎಎಲ್‌ಟಿ ಯಕೃತ್ತಿಗೆ ಹೆಚ್ಚು ನಿರ್ದಿಷ್ಟವಾದದ್ದು, ಅದು ಎಎಸ್‌ಟಿಯನ್ನು ಮೀರಿ ನಿಂತಿದೆಯೆಂದರೆ ತಜ್ಞರಿಗೇ ತೋರಿಸಬೇಕು ಎಂದರು. ಎರಡು ಪರೀಕ್ಷೆಗಳ ನಡುವೆ, ಆತಂಕ ತಾಳಲಾರದೆ, ಏರುರಸ್ತೆಯಲ್ಲಿ 16 ಕಿಲೋಮೀಟರ್ ಓಡಿ ಬಂದಿದ್ದನ್ನೂ ನಾನು ಹೇಳಿರಲಿಲ್ಲ. ಅದೇ ವಾರ ವಿಮಾ ಕಂಪನಿಯಿಂದ ಪತ್ರ ಬಂತು: ಯಕೃತ್ತಿನ ಪರೀಕ್ಷೆಗಳು ಅಸಹಜವಾಗಿರುವುದರಿಂದ ಅರ್ಜಿಯನ್ನು ಮುಂದೂಡಲಾಗಿದೆ, ತಜ್ಞ ವೈದ್ಯರ ಅಭಿಪ್ರಾಯವನ್ನು ಸಲ್ಲಿಸತಕ್ಕದ್ದು. ತಿರಸ್ಕಾರ ಮತ್ತು ಮುಂದೂಡಿಕೆ ಬೇರೆ ಬೇರೆ ಎಂಬುದನ್ನು ಗಮನಿಸಿ. ಇನ್ನೊಂದು ಕಂಪನಿಗೆ ಅರ್ಜಿ ಹಾಕಿದರೆ, ಹಿಂದೆ ಯಾವುದಾದರೂ ಅರ್ಜಿ ಮುಂದೂಡಲ್ಪಟ್ಟಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಹೌದೆಂದು ಬರೆಯಬೇಕಾಗಬಹುದು. ಆದ್ದರಿಂದ ಆತುರಪಟ್ಟು ಬೇರೆ ಕಡೆ ಹೋಗದೆ ಮೊದಲನೆಯದನ್ನೇ ಬಗೆಹರಿಸಿಕೊಳ್ಳುವುದು ಒಳ್ಳೆಯದೆಂದು ನನಗನ್ನಿಸಿತು, ಹಾಗೆಯೇ ಮಾಡಿದೆ.

ಯಕೃತ್ತಿನ ತಜ್ಞರ ಭೇಟಿಗೆ ಹನ್ನೆರಡು ದಿನ ಕಾಯಬೇಕಿತ್ತು. ಅಷ್ಟರಲ್ಲಿ ನಾನು ಮತ್ತೆ ದಿನವೂ ಓಡತೊಡಗಿದ್ದೆ, ಏಕೆಂದರೆ ಮೈಯಲ್ಲಿ ಕಾಯಿಲೆಯ ಲಕ್ಷಣ ಯಾವುದೂ ಇರಲಿಲ್ಲ. ಏರು ಬಂದಾಗ ಮಾತ್ರ ಎಂದಿಗಿಂತ ಬೇಗ ಏದುಸಿರು ಬರುತ್ತಿತ್ತು, ಅದನ್ನು ಓಟದ ಆಯಾಸವೆಂದು ತಳ್ಳಿಹಾಕಿದೆ. ತಜ್ಞರ ಕಚೇರಿಯಿಂದ ಭೇಟಿಗೆ ಮೊದಲೇ ಮಾಡಿಸಬೇಕಾದ ಪರೀಕ್ಷೆಗಳ ಉದ್ದನೆಯ ಪಟ್ಟಿಯೊಂದು ಬಂತು: ಸ್ವಯಂನಿರೋಧಕ ಪ್ರತಿಕಾಯಗಳು, ತಾಮ್ರ ಶೇಖರವಾಗುವ ಕಾಯಿಲೆಗೆ ಸೆರುಲೋಪ್ಲಾಸ್ಮಿನ್, ಕಬ್ಬಿಣ ಅತಿಯಾಗಿ ಶೇಖರವಾಗುವ ಕಾಯಿಲೆಗೆ ಫೆರಿಟಿನ್, ರಕ್ತಕಣಗಳ ಎಣಿಕೆ. ಯಕೃತ್ತು ಗಟ್ಟಿಯಾಗಿದೆಯೇ ಎಂದು ನೋಡುವ ಎಲಾಸ್ಟೋಗ್ರಫಿಯೂ ಇತ್ತು. ಅದಕ್ಕೆ ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಅದನ್ನು ಯಾರೂ ಮುಂಚಿತವಾಗಿ ಹೇಳದಿದ್ದ ಕಾರಣ ನಾನು ಒಮ್ಮೆ ಬರಿಗೈಯಲ್ಲಿ ಮರಳಿ ಮತ್ತೊಂದು ದಿನ ಹೋಗಬೇಕಾಯಿತು. ಇಷ್ಟೆಲ್ಲ ಪರೀಕ್ಷೆಗಳಿಗೆ ತಗಲುವ ವೆಚ್ಚವನ್ನು ಕೇಳಿ ನಾನು ಮುಂದಿನ ಎರಡು ಓಟಗಳ ನೋಂದಣಿಯನ್ನು ಕೈಬಿಟ್ಟೆ. ಕೊನೆಗೆ ಲೆಕ್ಕ ಹಾಕಿದರೆ, ಮೊದಲನೆಯ ದಿನವೇ ಒಂದು ಸಾಧಾರಣ ಸ್ನಾಯುಕಿಣ್ವದ ಪರೀಕ್ಷೆ ಮಾಡಿಸಿದ್ದರೆ ಇವುಗಳಲ್ಲಿ ಹೆಚ್ಚಿನವು ಬೇಕಾಗುತ್ತಲೇ ಇರಲಿಲ್ಲ.

ತಜ್ಞರು ಕಾಗದಗಳನ್ನೆಲ್ಲ ಮೇಜಿನ ಮೇಲೆ ದಿನಾಂಕದ ಕ್ರಮದಲ್ಲಿ ಹರಡಿಕೊಂಡರು. ಮೊದಲ ವರದಿಯ ಎರಡನೆಯ ಪುಟವನ್ನು ತಿರುಗಿಸಿ, ಪೆನ್ಸಿಲಿನಿಂದ ಜಿಜಿಟಿಯ ಸುತ್ತ ಒಂದು ವೃತ್ತ ಎಳೆದು, ‘ಈ ರಕ್ತ ಕೊಡುವ ಮುಂಚಿನ ವಾರ ಏನು ಮಾಡಿದಿರಿ?’ ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಕೆ ಎಂಬ ಸ್ನಾಯುಕಿಣ್ವದ ಪರೀಕ್ಷೆಯನ್ನು ಯಾರಾದರೂ ಮಾಡಿಸಿದ್ದಾರೆಯೇ ಎಂದು ಕೇಳಿದರು. ಯಾರೂ ಮಾಡಿಸಿರಲಿಲ್ಲ. ಅಂದೇ ಮಾಡಿಸಿದಾಗ ಓಟ ಮುಗಿದು ಮೂರು ವಾರ ಕಳೆದಿದ್ದರೂ 1,260 ಇತ್ತು. ಆ ಪ್ರಯೋಗಾಲಯದ ಸಹಜ ಮಿತಿ 200ರ ಆಸುಪಾಸು. ಎರಡು ದಿನಗಳ ಹಿಂದೆ ನಾನು ಇಳಿಜಾರಿನಲ್ಲಿ ವೇಗದ ಅಭ್ಯಾಸ ಮಾಡಿದ್ದೆ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಎಎಸ್‌ಟಿ ಯಕೃತ್ತಿನಲ್ಲಿ ಮಾತ್ರ ಇರುವ ವಸ್ತುವಲ್ಲ, ಸ್ನಾಯುಗಳಲ್ಲೂ ಹೇರಳವಾಗಿದೆ. ಎಎಲ್‌ಟಿ ಕೂಡ ಸ್ವಲ್ಪ ಪ್ರಮಾಣದಲ್ಲಿ ಸ್ನಾಯುಗಳಲ್ಲಿದೆ. ಗಂಟೆಗಟ್ಟಲೆ ಓಡಿದಾಗ, ಅದರಲ್ಲೂ ಇಳಿಜಾರಿನಲ್ಲಿ, ಸ್ನಾಯುವಿನ ಎಳೆಗಳಿಗೆ ಗಾಯವಾಗಿ ಅವುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರಕ್ತದಲ್ಲಿ ಎಎಸ್‌ಟಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಸಾಕು, ಎಎಲ್‌ಟಿ ಅರ್ಧಕ್ಕೆ ಇಳಿಯಲು ಸುಮಾರು 47 ಗಂಟೆ ಬೇಕು. ಹಾಗಾಗಿ ಮೊದಲ ದಿನಗಳಲ್ಲಿ ಎಎಸ್‌ಟಿ ಬಹಳ ಮುಂದಿರುತ್ತದೆ, ವಾರ ಕಳೆಯುವಷ್ಟರಲ್ಲಿ ಎಎಲ್‌ಟಿ ಹಿಂದೆ ಉಳಿದುಕೊಂಡು ದೊಡ್ಡದಾಗಿ ಕಾಣುತ್ತದೆ. ಎಲ್ಲರನ್ನೂ ಹೆದರಿಸಿದ ಆ 96 ಮತ್ತು 112ರ ಅದಲುಬದಲು ಇಷ್ಟೇ ಆಗಿತ್ತು. ಜಿಜಿಟಿ ಮಾತ್ರ ಸ್ನಾಯುವಿನಿಂದ ಬರುವುದಿಲ್ಲ. ಅದೂ ಬಿಲಿರುಬಿನ್ನೂ ಅಲುಗದೆ ನಿಂತಿದ್ದರೆ, ಸಿಕೆ ಏರಿದ್ದರೆ, ಮೊದಲ ಅನುಮಾನ ಸ್ನಾಯುವಿನ ಮೇಲೆ ಹೋಗಬೇಕು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ವಿಷಯವನ್ನೂ ಅವರು ಹೇಳಿದರು. ಭಾರ ಎತ್ತುವ ಅಭ್ಯಾಸವಿಲ್ಲದ 15 ಮಂದಿ ಆರೋಗ್ಯವಂತ ಪುರುಷರು ಒಂದು ಗಂಟೆ ಭಾರ ಎತ್ತಿದ್ದಕ್ಕೆ ಎಎಸ್‌ಟಿ, ಎಎಲ್‌ಟಿ, ಸಿಕೆಗಳೆಲ್ಲ ಕನಿಷ್ಠ ಏಳು ದಿನ ಏರಿಯೇ ಇದ್ದವಂತೆ, ಜಿಜಿಟಿ ಮಾತ್ರ ಮಿತಿಯೊಳಗೇ ಇತ್ತಂತೆ. ಒಂದು ಗಂಟೆಗೆ ಹಾಗಾದರೆ ಹನ್ನೊಂದು ಗಂಟೆಗೆ ಹೇಗಾಗಬೇಡ ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿಗೆ ನನ್ನ ಎದೆ ಹಗುರವಾಗಿ, ಏಳಲು ಸಿದ್ಧನಾಗಿದ್ದೆ. ಅವರು ಕೈಸನ್ನೆಯಿಂದ ಕೂರಿಸಿದರು. ಕಬ್ಬಿಣ ಹೆಚ್ಚಾಗಿದೆಯೇ ಎಂದು ನೋಡಲು ಬರೆದಿದ್ದ ಫೆರಿಟಿನ್ ಪರೀಕ್ಷೆಯ ಫಲಿತಾಂಶ 9 ಇತ್ತು. ಹಿಮೋಗ್ಲೋಬಿನ್ 11.8. ಅತಿಯಾಗಿದೆಯೇ ಎಂದು ಹುಡುಕಲು ಹೋದ ವಸ್ತು ಮೈಯಲ್ಲಿ ಬರಿದಾಗಿತ್ತು. ‘ನಿಮ್ಮ ಯಕೃತ್ತು ಚೆನ್ನಾಗಿದೆ ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಾಗಿದೆ. ಆದರೆ ನಿಮ್ಮ ವಯಸ್ಸಿನ ಗಂಡಸಿನಲ್ಲಿ ಕಬ್ಬಿಣ ಇಷ್ಟು ಖಾಲಿಯಾಗಿದ್ದರೆ ರಕ್ತ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ?’ ಎಂದು ಕೇಳಿದರು. ಶೌಚಾಲಯದ ಸಂಗತಿ ಆಗ ಮೊದಲ ಬಾರಿಗೆ ನನ್ನ ಬಾಯಿಂದ ಹೊರಬಿತ್ತು. ಮಾತ್ರೆಗಳ ವಿಷಯವನ್ನೂ ಹೇಳಿದೆ. ಹಿಂದಿನ ವರ್ಷದ ಒಂದು ದೀರ್ಘ ಓಟದ ನಂತರವೂ ಮಲ ಟಾರಿನಂತೆ ಕಪ್ಪಾಗಿತ್ತೆಂಬುದು ಹೇಳುತ್ತಾ ಹೇಳುತ್ತಾ ನೆನಪಾಯಿತು. ಮೂರು ವಾರ ನಾನು ಒಂದು ಅಂಕಿಗೆ ಹೆದರಿ ನಿದ್ದೆ ಕೆಡಿಸಿಕೊಂಡಿದ್ದೆ, ಕಣ್ಣಾರೆ ಕಂಡ ರಕ್ತವನ್ನು ಮಾತ್ರ ಓಟಗಾರರಿಗೆ ಇದೆಲ್ಲ ಸಹಜವೆಂದು ನಾನೇ ಸಮಾಧಾನ ಹೇಳಿಕೊಂಡು ಮುಚ್ಚಿಟ್ಟಿದ್ದೆ. ಇದನ್ನು ಬರೆಯಲು ನನಗೆ ಇಂದಿಗೂ ಕಷ್ಟವಾಗುತ್ತದೆ.

ಎರಡು ಕೆಲಸಗಳನ್ನು ಒಟ್ಟಿಗೆ ಹಮ್ಮಿಕೊಂಡೆವು. ಮೊದಲನೆಯದು ಹದಿನಾಲ್ಕು ದಿನಗಳ ಪೂರ್ಣ ವಿಶ್ರಾಂತಿ. ನಡಿಗೆ ಮಾತ್ರ, ಸೈಕಲ್ಲೂ ಬೇಡ, ಭಾರವೂ ಬೇಡ. ಓಟವನ್ನೇ ದಿನಚರಿಯ ಬೆನ್ನೆಲುಬಾಗಿ ಮಾಡಿಕೊಂಡವರಿಗೆ ಇದು ಸುಲಭವಲ್ಲ. ಐದನೆಯ ದಿನದ ಹೊತ್ತಿಗೆ ಮನೆಯಲ್ಲಿ ಸಣ್ಣ ಸಣ್ಣ ವಿಷಯಕ್ಕೂ ರೇಗುತ್ತಿದ್ದೆ. ‘ಇಷ್ಟೇ ಇಷ್ಟು’ ಎಂದು ಹತ್ತನೆಯ ದಿನ ಓಡಲು ಮನಸ್ಸು ಮಾಡಿ, ಬೂಟಿನ ದಾರ ಕಟ್ಟಿ, ಮತ್ತೆ ಬಿಚ್ಚಿಟ್ಟೆ. ಹದಿನೈದನೆಯ ದಿನ ರಕ್ತ ಕೊಟ್ಟೆ: ಎಎಸ್‌ಟಿ 26, ಎಎಲ್‌ಟಿ 24, ಸಿಕೆ 148. ವರದಿಯಲ್ಲಿ ಕೆಂಪಕ್ಷರ ಎಲ್ಲೂ ಇರಲಿಲ್ಲ. ಯಾವುದಾದರೂ ಕಾರಣಕ್ಕೆ ಈ ಪರೀಕ್ಷೆಗಳನ್ನು ಮಾಡಿಸಬೇಕಾದ ಓಟಗಾರರು, ಸೈಕಲ್ ಸವಾರರು, ದೂರದ ಈಜುಗಾರರು ಕನಿಷ್ಠ ಒಂದು ವಾರ, ದೊಡ್ಡ ಸ್ಪರ್ಧೆಯ ನಂತರವಾದರೆ ಎರಡು ವಾರ, ಬಿಡುವು ಕೊಟ್ಟು ರಕ್ತ ಕೊಡಲಿ, ಜೊತೆಗೆ ಸಿಕೆ ಮತ್ತು ಜಿಜಿಟಿಯನ್ನೂ ಕೇಳಿ ಸೇರಿಸಿಕೊಳ್ಳಲಿ ಎಂದು ಕಳಕಳಿಯಿಂದ ಹೇಳುತ್ತೇನೆ. ತಜ್ಞರು ನನ್ನ ಬಳಿಯಿದ್ದ ಪೂರಕ ಆಹಾರದ ಡಬ್ಬಿಗಳನ್ನೆಲ್ಲ ಚೀಲದಲ್ಲಿ ತುಂಬಿ ತರಲು ಹೇಳಿದ್ದರು. ಅವುಗಳಲ್ಲಿ ಒಂದು ಹಸಿರು ಚಹಾದ ಗಾಢ ಸಾರದ ಕ್ಯಾಪ್ಸೂಲ್. ಅಂತಹ ಸಾರದಿಂದ ಕೆಲವರ ಯಕೃತ್ತಿಗೆ ನಿಜವಾಗಿಯೇ ಹಾನಿಯಾದದ್ದುಂಟು, ಆದ್ದರಿಂದ ಅದನ್ನು ಅಂದೇ ನಿಲ್ಲಿಸಿದೆ.

ಎರಡನೆಯ ಕೆಲಸ ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿ, ಎಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಜಠರವನ್ನೂ ದೊಡ್ಡ ಕರುಳನ್ನೂ ಒಳಗಿನಿಂದ ನೋಡುವುದು. ಎರಡನ್ನೂ ಒಂದೇ ದಿನ ಮಾಡುವುದೆಂದು ನಿಗದಿಯಾಯಿತು, ದಿನ ಸಿಕ್ಕಿದ್ದು ಓಟ ಮುಗಿದ ಆರನೆಯ ವಾರದಲ್ಲಿ. ಕಬ್ಬಿಣದ ಮಾತ್ರೆ ಶುರುಮಾಡಿದವರು ಕೊಲೊನೋಸ್ಕೋಪಿಗೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಕರುಳು ಕಪ್ಪಾಗಿ ಏನೂ ಕಾಣುವುದಿಲ್ಲ. ಅವರು ಕೊಟ್ಟ ಹಾಳೆಯ ಹಿಂಬದಿಯಲ್ಲಿ ಈ ಸೂಚನೆಯಿತ್ತು, ನನ್ನ ಕಣ್ಣಿಗೆ ಬಿದ್ದದ್ದು ಅದೃಷ್ಟ. ಕರುಳು ತೊಳೆಯುವ ದ್ರಾವಣವನ್ನು ಅರ್ಧ ಹಿಂದಿನ ಸಂಜೆ, ಅರ್ಧ ಅಂದಿನ ನಸುಕಿನಲ್ಲಿ ಕುಡಿಯಬೇಕು. ರುಚಿಗಿಂತ ಅದರ ಪ್ರಮಾಣವೇ ಕಷ್ಟ, ತಣ್ಣಗೆ ಮಾಡಿಕೊಂಡು ನಿಧಾನವಾಗಿ ಕುಡಿದರೆ ಒಳಗೆ ನಿಲ್ಲುತ್ತದೆ. ಮಂಪರು ಔಷಧ ಕೊಡುವುದರಿಂದ ಪರೀಕ್ಷೆಯ ನೆನಪೇ ಉಳಿಯುವುದಿಲ್ಲ, ಅದೇ ಕಾರಣಕ್ಕೆ ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲೇಬೇಕು. ಒಬ್ಬಂಟಿಯಾಗಿ ಬಂದಿದ್ದವರೊಬ್ಬರನ್ನು ನನ್ನ ಕಣ್ಣೆದುರೇ ವಾಪಸು ಕಳುಹಿಸಿದರು. ಎರಡು ದಿನ ಉಪವಾಸದಂತಿದ್ದು ಬಂದ ಆ ಮನುಷ್ಯನ ಮುಖ ನೋಡಲಾಗಲಿಲ್ಲ.

ಜಠರದ ಕೆಳಭಾಗದಲ್ಲಿ ಹಲವು ಸವೆತದ ಗಾಯಗಳು ಸಿಕ್ಕವು. ಜಠರದಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕು ಇರಲಿಲ್ಲ, ಸಣ್ಣ ಕರುಳಿನಿಂದ ತೆಗೆದ ಚೂರಿನಲ್ಲಿ ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಗುರುತೂ ಇರಲಿಲ್ಲ. ದೊಡ್ಡ ಕರುಳು ಸ್ವಚ್ಛವಾಗಿತ್ತು. ಹಾಗಾದರೆ ಅಂದು ಕಂಡ ಕೆಂಪು ರಕ್ತ ಎಲ್ಲಿಂದ ಬಂತು ಎಂದು ಕೇಳಿದೆ. ಓಟದ ಸಮಯದಲ್ಲಿ ರಕ್ತಪೂರೈಕೆ ಕುಗ್ಗಿ ದೊಡ್ಡ ಕರುಳಿನ ಒಳಪದರಕ್ಕೆ ಆಗುವ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ, ಒಂದೆರಡು ದಿನಗಳಲ್ಲೇ ನೋಡಿದ್ದರೆ ಕಾಣುತ್ತಿತ್ತೇನೋ, ಆರು ವಾರಗಳ ನಂತರ ಅದರ ಗುರುತು ಹುಡುಕಲಾಗದು ಎಂದರು. ನನ್ನ ಮೌನದಿಂದಾಗಿ ಆ ಪ್ರಶ್ನೆಗೆ ಉತ್ತರ ಕೊನೆಗೂ ಸಿಗದೇ ಉಳಿಯಿತು.

ರಕ್ತಪೂರೈಕೆಯ ಈ ವಿಷಯ ತಿಳಿದ ಮೇಲೆ ನನ್ನ ಒಂಬತ್ತು ವರ್ಷಗಳ ಓಟವನ್ನೇ ಬೇರೆ ಕಣ್ಣಿನಿಂದ ನೋಡುವಂತಾಯಿತು. ತೀವ್ರವಾದ ವ್ಯಾಯಾಮದಲ್ಲಿ ದೇಹವು ರಕ್ತವನ್ನು ಸ್ನಾಯುಗಳಿಗೂ, ಬಿಸಿ ಹೊರಹಾಕಲು ಚರ್ಮಕ್ಕೂ ತಿರುಗಿಸುತ್ತದೆ. ಜೀರ್ಣಾಂಗಗಳಿಗೆ ಹೋಗುವ ರಕ್ತ ಶೇಕಡಾ 80ರಷ್ಟು ಕಡಿಮೆಯಾಗುವುದೂ ಉಂಟು. ಬಿಸಿಲು, ನಿರ್ಜಲೀಕರಣ, ಗಂಟೆಗಳ ಅವಧಿ ಇವು ಸೇರಿದಂತೆಲ್ಲ ಕರುಳಿನ ಒಳಪದರ ಸೋರತೊಡಗುತ್ತದೆ. ಓಟದಲ್ಲಿ ಹೆಜ್ಜೆ ಹೆಜ್ಜೆಗೂ ಕರುಳು ಕುಲುಕುವುದರಿಂದ ಸೈಕಲ್ ಸವಾರರಿಗಿಂತ ಓಟಗಾರರಿಗೆ ಕೆಳಹೊಟ್ಟೆಯ ತೊಂದರೆ ಹೆಚ್ಚು. ಐಬುಪ್ರೊಫೇನ್‌ನಂತಹ ನೋವುನಿವಾರಕಗಳು ಜಠರದ ರಕ್ಷಣೆಯ ಲೋಳೆಪದರವನ್ನು ಉಳಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನೇ ತಡೆಯುತ್ತವೆ. ಮೊದಲೇ ರಕ್ತವಿಲ್ಲದೆ ಬಳಲುವ ಅಂಗದ ಕವಚವನ್ನು ನಾವೇ ತೆಗೆದುಹಾಕಿದಂತಾಗುತ್ತದೆ, ಮೂತ್ರಪಿಂಡಗಳಿಗೂ ಅದರಿಂದ ಅಪಾಯವಿದೆ. ಓಟದ ಮಧ್ಯದಲ್ಲಿ ಈ ಮಾತ್ರೆಗಳನ್ನು ಹಂಚಿಕೊಳ್ಳುವ ರೂಢಿ ನಮ್ಮ ಓಟಗಾರರಲ್ಲಿದೆ. ನಾನೂ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಅದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಚಿಕಿತ್ಸೆ ಸರಳವಾಗಿತ್ತು, ನಿಧಾನವಾಗಿತ್ತು. ಎಂಟು ವಾರ ಆಮ್ಲ ತಗ್ಗಿಸುವ ಮಾತ್ರೆ, ದಿನ ಬಿಟ್ಟು ದಿನ ಕಬ್ಬಿಣ, ನೋವುನಿವಾರಕ ಪೂರ್ತಿ ಬಂದ್. ಆಮ್ಲ ಕಡಿಮೆಯಾದರೆ ಕಬ್ಬಿಣ ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆಯಾದ್ದರಿಂದ ಫಲಿತಾಂಶಕ್ಕೆ ತಾಳ್ಮೆ ಬೇಕು ಎಂದು ಮೊದಲೇ ಎಚ್ಚರಿಸಿದರು. ಓಡಿದ ಮೂರರಿಂದ ಆರು ಗಂಟೆಗಳ ನಂತರ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಕರುಳಿನಿಂದ ಕಬ್ಬಿಣ ಒಳಬರುವ ಬಾಗಿಲನ್ನು ಮುಚ್ಚುತ್ತದೆ. ಹಾಗಾಗಿ ಮಾತ್ರೆಯನ್ನು ಬೆಳಿಗ್ಗೆ ಓಟದ ಹೊತ್ತಿಗೇ ತೆಗೆದುಕೊಳ್ಳಬೇಕು, ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬಾರದು ಎಂದರು. ಕಬ್ಬಿಣದಿಂದ ಮಲ ಕಪ್ಪಾಗುವುದರಿಂದ, ರಕ್ತಸ್ರಾವ ಮರಳಿದೆಯೇ ಎಂಬ ಭಯ ಮೊದಲ ವಾರ ಬಹಳ ಕಾಡಿತು. ಟಾರಿನಂತೆ ಅಂಟುವುದು, ವಿಪರೀತ ದುರ್ವಾಸನೆ, ತಲೆಸುತ್ತು ಇಲ್ಲದಿದ್ದರೆ ಹೆದರಬೇಡಿ ಎಂದು ಧೈರ್ಯ ಹೇಳಿದರು. ಎಂಟು ವಾರಗಳಲ್ಲಿ ಫೆರಿಟಿನ್ 21ಕ್ಕೆ, ನಾಲ್ಕನೆಯ ತಿಂಗಳಿನಲ್ಲಿ 38ಕ್ಕೆ ಏರಿತು. ಹಿಮೋಗ್ಲೋಬಿನ್ ಈಗ 13.9.

ಓಟಕ್ಕೆ ಮರಳುವಾಗ ಕಾಲುಗಳಿಗಿಂತ ಹೊಟ್ಟೆಗೆ ಹೆಚ್ಚು ತರಬೇತಿ ಕೊಡಬೇಕಾಯಿತು. ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂನಷ್ಟೇ ಹೀರಿಕೊಳ್ಳಬಲ್ಲದು. ಫ್ರಕ್ಟೋಸ್‌ಗೆ ಬೇರೆಯದೇ ದಾರಿ ಇರುವುದರಿಂದ ಎರಡನ್ನೂ ಸೇರಿಸಿದರೆ 90 ಗ್ರಾಂವರೆಗೆ ಹೋಗಬಹುದು. ನಾನು ಅಂದು ಬರಿಯ ಗ್ಲೂಕೋಸನ್ನೇ ಅದಕ್ಕಿಂತ ಹೆಚ್ಚು ಸುರಿದುಕೊಂಡಿದ್ದೆ, ಹೀರಿಕೊಳ್ಳದೆ ಉಳಿದದ್ದು ಕರುಳಿನಲ್ಲಿ ನೀರನ್ನು ಎಳೆದುಕೊಂಡು ಕುಳಿತಿತ್ತು. ಈಗ ಗಂಟೆಗೆ 30 ಗ್ರಾಂನಿಂದ ಆರಂಭಿಸಿ, ಅಭ್ಯಾಸದ ಓಟಗಳಲ್ಲಿ ವಾರದಿಂದ ವಾರಕ್ಕೆ ಏರಿಸುತ್ತಾ 60 ಗ್ರಾಂವರೆಗೆ ಬಂದಿದ್ದೇನೆ. ಜೆಲ್ ತಿಂದಾಗ ಬರಿಯ ನೀರನ್ನೇ ಕುಡಿಯುತ್ತೇನೆ, ಸಿಹಿ ಪಾನೀಯವನ್ನು ಅದರ ಮೇಲೆ ಸುರಿಯುವುದಿಲ್ಲ. ದೀರ್ಘ ಓಟದ ಹಿಂದಿನ ದಿನ ನಾರಿನಂಶ ಕಡಿಮೆ ಮಾಡುತ್ತೇನೆ. ಹೊಟ್ಟೆ ತೊಳಸಿದರೆ ವೇಗ ಇಳಿಸುತ್ತೇನೆ, ಐದು ನಿಮಿಷ ನಡೆದರೂ ಹೊಟ್ಟೆಗೆ ರಕ್ತ ಮರಳಿ ಸಂಕಟ ಶಮನವಾಗುತ್ತದೆ. ನೀರನ್ನು ಮಿತಿಮೀರಿ ಕುಡಿದರೆ ಸೋಡಿಯಂ ಇಳಿದು ಬೇರೆಯದೇ ಅಪಾಯವಿದೆ, ಆದ್ದರಿಂದ ಬಾಯಾರಿಕೆಯನ್ನು ಅನುಸರಿಸುತ್ತೇನೆ.

ನನ್ನ ಕಥೆಯನ್ನು ಓದಿ, ಕಿಣ್ವಗಳು ಏರಿದ್ದರೆ ಎರಡು ವಾರ ಸುಮ್ಮನಿದ್ದರಾಯಿತು ಎಂದು ಯಾರೂ ತಿಳಿಯಬಾರದು. ಓಟದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿ ಸ್ನಾಯುಗಳು ಊದಿದ್ದರೆ ಅದು ಸ್ನಾಯು ಕರಗುವ ರಾಬ್ಡೊಮಯೊಲಿಸಿಸ್ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಸಿಲಿನಲ್ಲಿ ಓಡುವಾಗ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಮಾತು ತೊದಲಿ ಕುಸಿದವರಲ್ಲಿ ಯಕೃತ್ತಿಗೆ ನಿಜವಾದ ಪೆಟ್ಟು ಬೀಳುತ್ತದೆ. ಅದು ಮೊದಲ ದಿನದ ರಕ್ತದಲ್ಲಿ ಪೂರ್ತಿ ಕಾಣದೆ ಎರಡು ಮೂರು ದಿನಗಳ ನಂತರ ಏರಬಹುದಾದ್ದರಿಂದ, ಮನೆಗೆ ಕಳುಹಿಸಿದ ಮೇಲೂ ಮರುಪರೀಕ್ಷೆ ತಪ್ಪಿಸಬಾರದು. ಕಣ್ಣು ಹಳದಿಯಾದರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಕೆಟ್ಟರೆ ಸ್ನಾಯುವಿನ ಕಾರಣ ಹೇಳಿ ಕೂರುವಂತಿಲ್ಲ. ಐಬುಪ್ರೊಫೇನ್ ಬಿಟ್ಟವರು ಪ್ಯಾರಸಿಟಮಾಲ್ ಹಿಡಿಯುವುದನ್ನೂ ನೋಡಿದ್ದೇನೆ. ಪ್ರಮಾಣ ಮೀರಿದರೆ ಅದು ನೇರವಾಗಿ ಯಕೃತ್ತನ್ನೇ ಕೆಡಿಸುವ ಔಷಧ.

ವಿಮೆಯ ಕಾಗದಪತ್ರಗಳು ಕೊನೆಗೆ ಬಗೆಹರಿದವು. ‘ಯಕೃತ್ತು ಸಹಜವಾಗಿದೆ’ ಎಂಬ ಒಂದು ಸಾಲಿನ ಪ್ರಮಾಣಪತ್ರವನ್ನು ಮೊದಲ ಸಲ ಕಳುಹಿಸಿದಾಗ ಅದು ಸಾಲದೆಂದು ಮರಳಿ ಬಂತು. ಎರಡನೆಯ ಸಲ ತಜ್ಞರು ವಿವರವಾಗಿ ಬರೆದುಕೊಟ್ಟರು: ಓಟದ ದಿನಾಂಕ ಮತ್ತು ರಕ್ತ ಕೊಟ್ಟ ದಿನಾಂಕ ಅಕ್ಕಪಕ್ಕದಲ್ಲಿ, ಸಿಕೆ ಮತ್ತು ಜಿಜಿಟಿಯ ಅಂಕಿಗಳು, ವಿಶ್ರಾಂತಿಯ ನಂತರದ ವರದಿ, ಎಂಡೋಸ್ಕೋಪಿಯ ಫಲಿತಾಂಶ, ಕಬ್ಬಿಣದ ಚಿಕಿತ್ಸೆಯ ವಿವರ. ಓಟ ಮುಗಿಸಿದ್ದಕ್ಕೆ ಆಯೋಜಕರು ಕೊಟ್ಟ ಪ್ರಮಾಣಪತ್ರದ ಪ್ರತಿಯನ್ನೂ ದಿನಾಂಕಕ್ಕೆ ಸಾಕ್ಷಿಯಾಗಿ ಲಗತ್ತಿಸಿದೆ. ಐದು ವಾರಗಳ ನಂತರ ಅರ್ಜಿ ಅಂಗೀಕಾರವಾಯಿತು. ಪರೀಕ್ಷೆಗಳ ಮೂಲಪ್ರತಿಗಳನ್ನು ಒಂದೂ ಬಿಡದೆ ದಿನಾಂಕದ ಕ್ರಮದಲ್ಲಿ ಇಟ್ಟುಕೊಂಡಿದ್ದರಿಂದ ಅಷ್ಟಾದರೂ ಬೇಗ ಮುಗಿಯಿತು.

ಕಳೆದ ವಾರ 30 ಕಿಲೋಮೀಟರ್ ಓಡಿದೆ, ಮಾತ್ರೆ ಇಲ್ಲದೆ. 24ನೆಯ ಕಿಲೋಮೀಟರಿನಲ್ಲಿ ಮೊಣಕಾಲು ನೋಯತೊಡಗಿತು, ನಿಂತು, ನಡೆದು, ಮತ್ತೆ ಓಡಿದೆ. ಹೊಟ್ಟೆಯಲ್ಲಿ ಸಂಕಟವಿರಲಿಲ್ಲ. ಮನೆಗೆ ಬಂದು ಶೌಚಾಲಯದಲ್ಲಿ ದೀಪ ಹಾಕಿ ನೋಡಿದೆ, ಏನೂ ಇರಲಿಲ್ಲ. ಮುಂದಿನ ಫೆರಿಟಿನ್ ಪರೀಕ್ಷೆ ಬರುವ ತಿಂಗಳ 20ಕ್ಕಿದೆ. ಅದರ ಹಿಂದಿನ ಹತ್ತು ದಿನಗಳನ್ನು ಕ್ಯಾಲೆಂಡರಿನಲ್ಲಿ ಖಾಲಿ ಬಿಟ್ಟಿದ್ದೇನೆ.